ಲೇಸರ್ ವೇಫರ್ ಕಂಪನಿಗಳು, ‘ಪಾರ್ಟ್ನರ್ ಯಾರು’ ಎಂಬ ಊಹೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಕುಮಟಾ, ಕಾರವಾರದ ಕಡೆ ಈಗ ಅಮೆರಿಕದ ಷೇರು ಕೊಳ್ಳುವವರು ಕಡಿಮೆ ಏನಿಲ್ಲ. ಮಕ್ಕಳು ಬೆಂಗಳೂರಿನಿಂದ ಆ್ಯಪ್ ಹಾಕಿಕೊಡುತ್ತಾರೆ, ಅಡಿಕೆ ಮಾರಿದ ದುಡ್ಡಿನಲ್ಲಿ ಒಂದು ಪಾಲು ಅಲ್ಲಿಗೆ ಹೋಗುತ್ತದೆ. ಎಐ ಡೇಟಾ ಸೆಂಟರ್‌ಗಳ ಸುದ್ದಿ ಜೋರಾದ ಮೇಲೆ ಲೇಸರ್ ಮಾಡುವ ಕಂಪನಿ, ಲೇಸರ್‌ಗೆ ಬೇಕಾದ ವೇಫರ್ (ಹರಳನ್ನು ತೆಳ್ಳಗೆ ಕೊಯ್ದ ಬಿಲ್ಲೆ) ಮಾಡುವ ಕಂಪನಿ ಅಂತ ಹುಡುಕಾಟ ಶುರುವಾಗಿದೆ. ಇಂಥ ಕಂಪನಿಯ ಮಾಲು ಕೊಳ್ಳುವ ದೊಡ್ಡ ಕಂಪನಿ, ಅಂದರೆ ‘ಪಾರ್ಟ್ನರ್’, ಯಾರು ಅಂತ ಊಹಿಸಿ ಷೇರು ಕೊಳ್ಳುವವರೂ ಇದ್ದಾರೆ. ನಾನು ಫೈಬರ್ ನೆಟ್‌ವರ್ಕ್ ಕೆಲಸದಲ್ಲಿ ಇದ್ದವನು ಅಂತ ಗೊತ್ತಿರುವುದರಿಂದ ಎಲ್ಲರೂ ನನ್ನ ಹತ್ತಿರ ಕೇಳುತ್ತಾರೆ. ಅವರ ಪ್ರಶ್ನೆಗಳನ್ನೂ ನನ್ನ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ. ನಾನು ಸೆಬಿಯಲ್ಲಿ (ಷೇರು ಪೇಟೆಯ ನಿಯಂತ್ರಕ ಸಂಸ್ಥೆ) ನೋಂದಾಯಿತ ಸಲಹೆಗಾರ ಅಲ್ಲ. ಇದನ್ನು ಕೊಳ್ಳಿ, ಅದನ್ನು ಮಾರಿ ಅಂತ ಎಲ್ಲೂ ಹೇಳಿಲ್ಲ.

ಸೆಮಿಕಂಡಕ್ಟರ್ ಲೇಸರ್ ಅಂದರೆ ಏನು? ನಾವು ನೋಡಿರುವ ವಸ್ತುವಾ?

ನೋಡಿದ್ದೀರಿ. ಮನೆಗೆ ಫೈಬರ್ ಇಂಟರ್‌ನೆಟ್ ಇದ್ದರೆ ಗೋಡೆಯ ಮೇಲೆ ಒಂದು ಬಿಳಿ ಡಬ್ಬ ಇರುತ್ತದಲ್ಲ, ಅದರೊಳಗೆ ಒಂದು ಲೇಸರ್ ಇದೆ. ತೆಳ್ಳನೆಯ ಹಳದಿ ಅಥವಾ ಬಿಳಿ ವೈರು, ತುದಿಯಲ್ಲಿ ಹಸಿರು ಕ್ಲಿಪ್. ಆ ಕ್ಲಿಪ್ ಸಿಕ್ಕಿಸುವ ಜಾಗದ ಹಿಂದೆಯೇ ಲೇಸರ್ ಚಿಪ್ ಕೂತಿದೆ. ಅಗಲ ಅರ್ಧ ಮಿಲಿಮೀಟರ್ ಕೂಡ ಇಲ್ಲ. ಮಳೆಗಾಲದಲ್ಲಿ ಟೊಂಗೆ ಬಿದ್ದು ಕೇಬಲ್ ತುಂಡಾದರೆ ಡಬ್ಬದ ಮೇಲೆ ‘ಎಲ್‌ಒಎಸ್’ ಅನ್ನುವ ಕೆಂಪು ದೀಪ ಮಿಣುಕುತ್ತದೆ. ಅಂದರೆ ಆ ಕಡೆಯಿಂದ ಬರಬೇಕಾದ ಬೆಳಕು ಬರುತ್ತಿಲ್ಲ.

ನೀವು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸಿದಾಗ ಡಬ್ಬದ ಲೇಸರ್ 1310 ನ್ಯಾನೋಮೀಟರ್ ಬೆಳಕಿನಲ್ಲಿ ಅದನ್ನು ಟೆಲಿಫೋನ್ ಎಕ್ಸ್‌ಚೇಂಜ್ ಕಡೆ ಕಳಿಸುತ್ತದೆ. ಅಲ್ಲಿಂದ ನಿಮ್ಮ ಕಡೆ ಬರುವುದು 1490 ನ್ಯಾನೋಮೀಟರ್. ಎರಡೂ ಕಣ್ಣಿಗೆ ಕಾಣುವ ಬೆಳಕಲ್ಲ. ಹಾಗಾಗಿ ವೈರಿನ ತುದಿಯನ್ನು ಕಣ್ಣಿಗೆ ಹಿಡಿದು ‘ಬೆಳಕು ಬರ್ತಾ ಇದೆಯಾ’ ಅಂತ ನೋಡಬೇಡಿ, ಮಕ್ಕಳಿಗೂ ಬಿಡಬೇಡಿ.

ಡೇಟಾ ಸೆಂಟರ್‌ನಲ್ಲಿ ಇದೇ ಜಾತಿಯ ಲೇಸರ್ ಇನ್ನೂ ಎಷ್ಟೋ ಪಟ್ಟು ವೇಗದಲ್ಲಿ ಕೆಲಸ ಮಾಡುತ್ತದೆ. ಹೂಡಿಕೆದಾರರ ಗಲಾಟೆ ಇರುವುದು ಅದರ ಸುತ್ತ.

ಸಿಲಿಕಾನ್ ಅಗ್ಗ, ಎಲ್ಲೆಡೆ ಸಿಗುತ್ತದೆ. ಅದರಲ್ಲೇ ಲೇಸರ್ ಮಾಡಬಾರದಾ?

ಸಿಲಿಕಾನ್‌ಗೆ ಬೆಳಕು ಕೊಡುವ ಗುಣ ಇಲ್ಲ. ಅದರೊಳಗೆ ಎಲೆಕ್ಟ್ರಾನ್ ಕೆಳಗಿಳಿಯುವಾಗ ಶಕ್ತಿ ಹೆಚ್ಚಾಗಿ ಬಿಸಿಯಾಗಿ ಹೋಗುತ್ತದೆ. ಗ್ಯಾಲಿಯಂ ಆರ್ಸೆನೈಡ್, ಇಂಡಿಯಂ ಫಾಸ್ಫೈಡ್ ತರಹದ ಎರಡು ಮೂಲವಸ್ತು ಸೇರಿದ ಹರಳುಗಳಲ್ಲಿ ಅದು ನೇರವಾಗಿ ಬೆಳಕಾಗುತ್ತದೆ.

1962 ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ರಾಬರ್ಟ್ ಹಾಲ್ ತಂಡ ಮೊದಲ ಸೆಮಿಕಂಡಕ್ಟರ್ ಲೇಸರ್ ಉರಿಸಿದ್ದು ಗ್ಯಾಲಿಯಂ ಆರ್ಸೆನೈಡ್‌ನಲ್ಲಿ. ಅದನ್ನು ದ್ರವ ನೈಟ್ರೋಜನ್‌ನಲ್ಲಿ ತಣ್ಣಗಿಡಬೇಕಿತ್ತು. ಸಾಮಾನ್ಯ ಕೋಣೆಯಲ್ಲಿ ನಿಲ್ಲದೆ ಉರಿಯುವ ಲೇಸರ್ ಬರಲು 1970 ಆಗಬೇಕಾಯಿತು. ಲೆನಿನ್‌ಗ್ರಾಡ್‌ನಲ್ಲಿ ಅಲ್ಫೆರೋವ್ ತಂಡ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹಯಾಶಿ ಮತ್ತು ಪ್ಯಾನಿಶ್ ಅದನ್ನು ಮಾಡಿದರು. ಬೇರೆ ಬೇರೆ ವಸ್ತುಗಳ ತೆಳು ಪದರಗಳನ್ನು ಒಂದರ ಮೇಲೊಂದು ಜೋಡಿಸಿದ್ದೇ ಗೆಲುವಿನ ಗುಟ್ಟು. ಆ ಪದರಗಳ ವಿದ್ಯೆಗಾಗಿ ಅಲ್ಫೆರೋವ್ ಮತ್ತು ಹರ್ಬರ್ಟ್ ಕ್ರೋಮರ್‌ಗೆ 2000 ದಲ್ಲಿ ನೊಬೆಲ್ ಬಂತು. ಇವತ್ತಿಗೂ ಈ ಉದ್ಯಮದ ಜೀವ ಇರುವುದು ಆ ಪದರಗಳಲ್ಲೇ.

ಯಾವ ಲೇಸರ್‌ಗೆ ಯಾವ ವಸ್ತು?

ಚುಟುಕಾಗಿ ಹೇಳ್ತೇನೆ. ಫೋನಿನ ಮುಖ ಗುರುತಿಸುವ ಸೆನ್ಸರ್, ಡೇಟಾ ಸೆಂಟರ್ ಒಳಗಿನ ತೀರಾ ಹತ್ತಿರದ ಲಿಂಕ್: ಗ್ಯಾಲಿಯಂ ಆರ್ಸೆನೈಡ್, 850–940 ನ್ಯಾನೋಮೀಟರ್ ಆಸುಪಾಸು. ದೂರದ ಫೈಬರ್, ವೇಗದ ಲಿಂಕ್: ಇಂಡಿಯಂ ಫಾಸ್ಫೈಡ್, 1310 ಮತ್ತು 1550. ನೀಲಿ ಬೆಳಕಿಗೆ ಗ್ಯಾಲಿಯಂ ನೈಟ್ರೈಡ್. 1550 ಯಾಕೆ ಅಂದರೆ ಗಾಜಿನ ಫೈಬರ್ ಅಲ್ಲಿ ಅತಿ ಕಡಿಮೆ ಬೆಳಕು ನುಂಗುತ್ತದೆ.

ಷೇರಿನ ಚರ್ಚೆಯಲ್ಲಿ ಈ ಮೂರನ್ನೂ ‘ಲೇಸರ್ ಮೆಟೀರಿಯಲ್’ ಅಂತ ಒಂದೇ ಚೀಲಕ್ಕೆ ಹಾಕುತ್ತಾರೆ. ಒಂದರ ಬೇಡಿಕೆ ಏರಿದರೆ ಇನ್ನೊಂದಕ್ಕೆ ಲಾಭ ಆಗಲೇಬೇಕೆಂದಿಲ್ಲ. ಕಂಪನಿಯ ಆದಾಯ ಯಾವ ವಸ್ತುವಿನಿಂದ ಎಷ್ಟು ಬರುತ್ತದೆ ಅಂತ ಮೊದಲು ಬಿಡಿಸಿ ನೋಡಿ.

ಇಂಡಿಯಂ ಫಾಸ್ಫೈಡ್‌ಗೆ ಅಷ್ಟು ಅಭಾವ ಯಾಕೆ? ಜಾಸ್ತಿ ಮಾಡಿದರೆ ಆಯ್ತಲ್ಲ?

ಹರಳು ಬೆಳೆಸುವುದೇ ಕಷ್ಟ. ಅದು ಕರಗುವುದು 1062 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ಬಿಸಿಯಲ್ಲಿ ಅದರೊಳಗಿನ ರಂಜಕ ಆವಿಯಾಗಿ ಹೊರಗೆ ನುಗ್ಗುತ್ತದೆ, ಒತ್ತಡ ನಮ್ಮ ವಾತಾವರಣದ ಸುಮಾರು 27 ಪಟ್ಟು. ಆ ಒತ್ತಡ ತಡೆಯುವ ಪಾತ್ರೆಯಲ್ಲಿ, ನಿಧಾನಕ್ಕೆ, ದೋಷ ಬಾರದ ಹಾಗೆ ಹರಳು ಬೆಳೆಸಬೇಕು. ಆಮೇಲೆ ಕೊಯ್ದು ಬಿಲ್ಲೆ ಮಾಡಬೇಕು. ಅದೋ, ಸಿಲಿಕಾನ್‌ಗಿಂತ ಬಹಳ ಬೇಗ ಒಡೆಯುವ ವಸ್ತು.

ಅದಕ್ಕೇ ಸಿಲಿಕಾನ್ ವೇಫರ್ 300 ಮಿಲಿಮೀಟರ್ ಅಗಲ ತಲುಪಿ ವರ್ಷಗಳೇ ಕಳೆದರೂ ಇಂಡಿಯಂ ಫಾಸ್ಫೈಡ್ ಬಹುಕಾಲ 2, 3, 4 ಇಂಚಿನಲ್ಲೇ ಇತ್ತು. ಈಗ 6 ಇಂಚಿಗೆ ಹೋಗುವ ಓಟ ನಡೆದಿದೆ. ಅಮೆರಿಕದ ಕೊಹೆರೆಂಟ್ ಕಂಪನಿ 2024 ರಲ್ಲಿ ಟೆಕ್ಸಸ್‌ನ ಶರ್ಮನ್ ಮತ್ತು ಸ್ವೀಡನ್‌ನ ಯಾರ್ಫೆಲ್ಲಾದಲ್ಲಿ 6 ಇಂಚಿನ ತಯಾರಿಕೆ ಪ್ರಕಟಿಸಿತು. 3 ಇಂಚಿನಿಂದ 6 ಇಂಚಿಗೆ ಹೋದರೆ ಒಂದು ಬಿಲ್ಲೆಯ ವಿಸ್ತೀರ್ಣ ನಾಲ್ಕು ಪಟ್ಟು, ಚಿಪ್‌ಗಳೂ ಸುಮಾರು ಅಷ್ಟೇ ಪಟ್ಟು.

ನನಗೆ ಇದು ಯಾವ ಪಾರ್ಟ್ನರ್ ಗುಸುಗುಸುಗಿಂತ ದೊಡ್ಡ ಸುದ್ದಿ. ಯಾರ ಹತ್ತಿರ ಯಾವ ಅಳತೆಯ ಬಿಲ್ಲೆ ಇದೆ, ಅದರಲ್ಲಿ ಎಷ್ಟು ಚಿಪ್‌ಗಳು ಒಳ್ಳೆಯದಾಗಿ ಹೊರಬರುತ್ತಿವೆ ಅನ್ನುವುದರಿಂದ ಮುಂದಿನ ವರ್ಷಗಳ ಲಾಭ ನಿರ್ಧಾರ ಆಗುತ್ತದೆ.

ಈ ಸರಪಳಿಯಲ್ಲಿ ಯಾರು ಯಾರಿದ್ದಾರೆ?

ಇದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳದೆ ಷೇರು ಮುಟ್ಟಬೇಡಿ ಅಂತ ನನ್ನ ಒತ್ತಾಯ.

ಕೆಳಗಿನ ಮೆಟ್ಟಿಲು ಲೋಹ. ಗ್ಯಾಲಿಯಂ ಬಾಕ್ಸೈಟ್‌ನಿಂದ ಅಲ್ಯೂಮಿನಾ ತೆಗೆಯುವಾಗ ಉಪಉತ್ಪನ್ನವಾಗಿ ಸಿಗುತ್ತದೆ, ಇಂಡಿಯಂ ಸತುವಿನ ಜೊತೆ. ಎರಡನೆಯದು ಬರಿ ಬಿಲ್ಲೆ, ಅಂದರೆ ಸಬ್‌ಸ್ಟ್ರೇಟ್. ಇಲ್ಲಿ ಜಪಾನಿನ ಸುಮಿಟೊಮೊ ಎಲೆಕ್ಟ್ರಿಕ್ ಮತ್ತು ಜೆಎಕ್ಸ್, ಅಮೆರಿಕದಲ್ಲಿ ನೋಂದಾಯಿಸಿ ಬೀಜಿಂಗ್‌ನಲ್ಲಿ ತಯಾರಿಸುವ ಎಎಕ್ಸ್‌ಟಿ, ಗ್ಯಾಲಿಯಂ ಆರ್ಸೆನೈಡ್‌ಗೆ ಜರ್ಮನಿಯ ಫ್ರೈಬರ್ಗರ್. ಮೂರನೆಯದು ಎಪಿ. ಬರಿ ಬಿಲ್ಲೆಯ ಮೇಲೆ ನ್ಯಾನೋಮೀಟರ್ ದಪ್ಪದ ಪದರ ಬೆಳೆಸುವ ಕೆಲಸ. ಬ್ರಿಟನ್ನಿನ ಕಾರ್ಡಿಫ್‌ನ ಐಕ್ಯೂಇ, ತೈವಾನಿನ ಲ್ಯಾಂಡ್‌ಮಾರ್ಕ್ ಮತ್ತು ವಿಪೆಕ್ ಇದನ್ನು ಬೇರೆಯವರಿಗೆ ಮಾಡಿಕೊಡುತ್ತವೆ. ಪದರ ಬೆಳೆಸುವ ಯಂತ್ರ ಮಾರುವವರು ಜರ್ಮನಿಯ ಐಕ್ಸ್‌ಟ್ರಾನ್, ಅಮೆರಿಕದ ವೀಕೊ.

ನಾಲ್ಕನೆಯದು ಲೇಸರ್ ಚಿಪ್: ಲ್ಯೂಮೆಂಟಂ, ಕೊಹೆರೆಂಟ್, ಬ್ರಾಡ್‌ಕಾಮ್, ಮಿತ್ಸುಬಿಷಿ ಎಲೆಕ್ಟ್ರಿಕ್. ಐದನೆಯದು ಆ ಚಿಪ್ ಕೂರಿಸಿದ ಮಾಡ್ಯೂಲ್, ಅಂದರೆ ವಿದ್ಯುತ್ ಸಂಕೇತವನ್ನು ಬೆಳಕಾಗಿ, ಬೆಳಕನ್ನು ಮತ್ತೆ ವಿದ್ಯುತ್ತಾಗಿ ಬದಲಿಸುವ ಟ್ರಾನ್ಸೀವರ್: ಚೀನಾದ ಇನ್ನೊಲೈಟ್, ಇಒಪ್ಟೊಲಿಂಕ್, ಬೇರೆಯವರಿಗಾಗಿ ಜೋಡಿಸಿಕೊಡುವ ಫ್ಯಾಬ್ರಿನೆಟ್. ಕೊನೆಗೆ ನೆಟ್‌ವರ್ಕ್ ಸ್ವಿಚ್ ಮಾಡುವವರು, ಡೇಟಾ ಸೆಂಟರ್ ಮಾಲೀಕರು.

ಗಮನಿಸಬೇಕಾದ ವಿಷಯ ಎರಡು. ದೊಡ್ಡ ಲೇಸರ್ ಕಂಪನಿಗಳು ಎಪಿ ಪದರವನ್ನು ಹೆಚ್ಚಾಗಿ ತಮ್ಮ ಒಳಗೇ ಬೆಳೆಸುತ್ತವೆ. ಹಾಗಾದರೆ ಹೊರಗಿನ ಎಪಿ ಕಂಪನಿಗೆ ಎಷ್ಟು ಕೆಲಸ ಉಳಿಯುತ್ತದೆ ಅನ್ನುವುದು ನಿಜವಾದ ಪ್ರಶ್ನೆ. ಇನ್ನೊಂದು, ಮಾಡ್ಯೂಲ್‌ನ ಬೆಲೆಯಲ್ಲಿ ಬರಿ ಬಿಲ್ಲೆಯ ಪಾಲು ಸಣ್ಣದು. ‘ಆ ದೊಡ್ಡ ಕಂಪನಿಯ ಸಪ್ಲೈಯರ್‌ನ ಸಪ್ಲೈಯರ್’ ಅಂತ ಕೇಳಿದಾಗ ಎರಡು ಮೆಟ್ಟಿಲು ಕೆಳಗೆ ಎಷ್ಟು ದುಡ್ಡು ಇಳಿದು ಬರುತ್ತದೆ ಅಂತ ಲೆಕ್ಕ ಹಾಕಿ.

ಕಂಪನಿಗಳು ಗ್ರಾಹಕರ ಹೆಸರು ಯಾಕೆ ಹೇಳುವುದಿಲ್ಲ? ಮುಚ್ಚಿಡುವುದು ಕಾನೂನುಬಾಹಿರ ಅಲ್ವಾ?

ಅಲ್ಲ. ಕೊಳ್ಳುವ ದೊಡ್ಡ ಕಂಪನಿ ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿರುತ್ತದೆ. ಅದಕ್ಕೆ ಇಬ್ಬರು ಮೂವರು ಸಪ್ಲೈಯರ್ ಬೇಕು, ಒಬ್ಬರ ದರ ಇನ್ನೊಬ್ಬರಿಗೆ ತಿಳಿಯಬಾರದು. ಮುಂದಿನ ಫೋನಿನಲ್ಲಿ ಏನಿದೆ ಅಂತ ಜಗತ್ತಿಗೆ ಗೊತ್ತಾಗಬಾರದು.

ಅಮೆರಿಕದ ಲೆಕ್ಕಪತ್ರದ ನಿಯಮದಂತೆ ಒಬ್ಬ ಗ್ರಾಹಕನಿಂದ ಆದಾಯದ 10% ಅಥವಾ ಜಾಸ್ತಿ ಬಂದರೆ ಆ ವಿಷಯ ಹೇಳಬೇಕು. ಆದರೆ ಲೆಕ್ಕದ ಟಿಪ್ಪಣಿಯಲ್ಲಿ ಹೆಸರು ಹಾಕಲೇಬೇಕೆಂದಿಲ್ಲ. ಅದಕ್ಕೇ ವಾರ್ಷಿಕ ವರದಿಯಲ್ಲಿ ‘ಗ್ರಾಹಕ ಎ’, ‘ಗ್ರಾಹಕ ಬಿ’ ಅಂತ ಕಾಣುತ್ತದೆ. ಆ ಅಕ್ಷರದ ಮುಂದೆ ತಮಗೆ ಇಷ್ಟವಾದ ಹೆಸರು ಬರೆದುಕೊಳ್ಳುವುದರಿಂದಲೇ ಊಹೆಗಳು ಹುಟ್ಟುವುದು. ನೀವು ಹೆಸರು ಬಿಟ್ಟು ಶೇಕಡಾವಾರು ನೋಡಿ. ಒಬ್ಬನಿಂದಲೇ 40% ಬರುತ್ತಿದ್ದರೆ ಅವನು ಯಾರಾದರೂ ಆಗಲಿ, ಅಪಾಯ ಅಷ್ಟೇ ಇದೆ.

ಜನ ಹೆಸರನ್ನು ಹೇಗೆ ಊಹಿಸುತ್ತಾರೆ? ಯಾವ ಸುಳಿವಿಗೆ ಬೆಲೆ ಕೊಡಬಹುದು?

ಸಾಧನ ಬಿಚ್ಚಿ ಒಳಗಿನ ಚಿಪ್ ತೋರಿಸುವ ವರದಿಗಳಿಗೆ ಒಳ್ಳೆಯ ಬೆಲೆ ಇದೆ. ವಸ್ತು ಕಣ್ಣೆದುರಿಗಿದೆ. ಆದರೆ ಅದು ಆ ವರ್ಷದ ಕಥೆ, ಮುಂದಿನ ಮಾದರಿಯಲ್ಲಿ ಸಪ್ಲೈಯರ್ ಬದಲಾಗಬಹುದು. ಎರಡು ಕಂಪನಿಯ ಹೆಸರು ಒಟ್ಟಿಗೆ ಇರುವ ಪೇಟೆಂಟ್ ಅಥವಾ ಸಂಶೋಧನಾ ಲೇಖನ ಇದ್ದರೆ, ಅವರು ಒಟ್ಟಿಗೆ ಪ್ರಯೋಗ ಮಾಡಿದ್ದಾರೆ ಅಂತ ಗೊತ್ತಾಗುತ್ತದೆ. ಆರ್ಡರ್ ಇದೆ ಅಂತ ಗೊತ್ತಾಗುವುದಿಲ್ಲ.

ಕಂಪನಿ ಹೊಸ ಯಂತ್ರಕ್ಕೆ, ಹೊಸ ಕಟ್ಟಡಕ್ಕೆ ದುಡ್ಡು ಸುರಿಯುತ್ತಿದೆಯಾ ಎಂಬುದು ನಾನು ಹೆಚ್ಚು ನಂಬುವ ಸುಳಿವು. ಅದಕ್ಕಿಂತಲೂ ಮೇಲೆ, ಗ್ರಾಹಕ ಮುಂಗಡ ಕೊಟ್ಟಿದ್ದಾನೆಯೇ ಅನ್ನುವುದು. ಮುಂಗಡ ಬ್ಯಾಲೆನ್ಸ್ ಶೀಟ್‌ನಲ್ಲಿ ಕಾಣುತ್ತದೆ, ಅದನ್ನು ಊಹಿಸಬೇಕಿಲ್ಲ.

ಪ್ರದರ್ಶನದಲ್ಲಿ ಇಬ್ಬರು ಅಧಿಕಾರಿಗಳು ಕೈಕುಲುಕಿದ ಫೋಟೋ, ಲಿಂಕ್ಡ್‌ಇನ್‌ನಲ್ಲಿ ಯಾರೋ ಯಾರದ್ದೋ ಪೋಸ್ಟಿಗೆ ಲೈಕ್ ಒತ್ತಿದ್ದು, ಸಿಇಒ ‘ಜಗತ್ತಿನ ಮುಂಚೂಣಿ ಕಂಪನಿಯೊಂದರ ಜೊತೆ’ ಅಂದಿದ್ದು, ಇವುಗಳ ಮೇಲೆ ಅಡಿಕೆ ದುಡ್ಡು ಹಾಕಬೇಡಿ.

ಸುಳಿವಿಗೂ ದರಕ್ಕೂ ನಡುವಿನ ಅಂತರ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 2022 ರಲ್ಲಿ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಲು ಕೇಂದ್ರ ಸರ್ಕಾರ ಒಪ್ಪಿದಾಗ, ಮಾಲು ಇಳಿಯುವ ಮೊದಲೇ ಶಿರಸಿ ಪೇಟೆಗೆ ಆತಂಕ ಬಂದಿಳಿದಿತ್ತು. ಷೇರು ಪೇಟೆಯಲ್ಲೂ ದರ ಮೊದಲು ಓಡುತ್ತದೆ, ಮಾಲು ಆಮೇಲೆ ಬರುತ್ತದೆ ಅಥವಾ ಬರುವುದೇ ಇಲ್ಲ.

ಊಹೆ ನಿಜವಾದರೆ ಲಾಭ ಗ್ಯಾರಂಟಿ ಅಲ್ವಾ?

ಇಲ್ಲ. ಇದಕ್ಕೆ 2018 ರ ಉದಾಹರಣೆ ಪೂರ್ತಿ ಹೇಳುತ್ತೇನೆ.

2017 ರ ನವೆಂಬರ್‌ನಲ್ಲಿ ಐಫೋನ್ 10 ಬಂತು. ಮುಖ ನೋಡಿ ಬೀಗ ತೆರೆಯುವ ಫೋನ್. ಅದಕ್ಕೆ ಬೇಕಾದದ್ದು ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಮಾಡಿದ ವಿಕ್ಸೆಲ್ ಎಂಬ ಲೇಸರ್. ಬಿಲ್ಲೆಯ ಮೇಲ್ಮೈಯಿಂದ ನೇರ ಮೇಲಕ್ಕೆ ಬೆಳಕು ಬಿಡುವ ಜಾತಿ ಅದು. ಅದನ್ನು ಲ್ಯೂಮೆಂಟಂ ಕೊಡುತ್ತದೆ, ಎಪಿ ಬಿಲ್ಲೆಗಳು ಐಕ್ಯೂಇಯಿಂದ ಬರುತ್ತವೆ ಅಂತ ಪೇಟೆಯಲ್ಲಿ ಎಲ್ಲರೂ ಮಾತಾಡುತ್ತಿದ್ದರು. ಎರಡೂ ಷೇರು 2017 ರಲ್ಲಿ ಚೆನ್ನಾಗಿ ಏರಿದ್ದವು. ಊಹೆ ಸುಳ್ಳಾಗಿರಲಿಲ್ಲ.

2018 ರ ನವೆಂಬರ್ 12 ರಂದು ಲ್ಯೂಮೆಂಟಂ ಒಂದು ಪ್ರಕಟಣೆ ಕೊಟ್ಟಿತು. ಮುಖ ಗುರುತಿಸುವ ಲೇಸರ್ ಕೊಳ್ಳುವ ತನ್ನ ಅತಿ ದೊಡ್ಡ ಗ್ರಾಹಕರಲ್ಲಿ ಒಬ್ಬರು ಸರಬರಾಜು ಗಣನೀಯವಾಗಿ ಕಡಿಮೆ ಮಾಡಲು ಕೇಳಿದ್ದಾರೆ ಅಂತ. ಹೆಸರು ಹಾಕಲಿಲ್ಲ. ಆ ತ್ರೈಮಾಸಿಕದ ಆದಾಯದ ಅಂದಾಜು 40.5–43 ಕೋಟಿ ಡಾಲರ್‌ನಿಂದ 33.5–35.5 ಕೋಟಿಗೆ ಇಳಿಯಿತು. ಷೇರು ಒಂದೇ ದಿನದಲ್ಲಿ ಸುಮಾರು ಮೂರನೇ ಒಂದು ಭಾಗ ಬಿತ್ತು. ಅದೇ ದಿನ ಐಕ್ಯೂಇ ಕೂಡ ತನ್ನ ಅಂದಾಜು ತಗ್ಗಿಸಿತು, ಅದರ ಷೇರೂ ಕುಸಿಯಿತು. ಆ್ಯಪಲ್ ಷೇರು ಇಳಿದದ್ದು ಸುಮಾರು 5%.

ಇಲ್ಲಿ ಪಾರ್ಟ್ನರ್ ಯಾರು ಅಂತ ಸರಿಯಾಗಿ ಹೇಳಿದವರೂ ಆ ದಿನ ದುಡ್ಡು ಕಳೆದುಕೊಂಡರು. ಗ್ರಾಹಕ ಕೆಮ್ಮಿದಾಗ ಕೆಳಗಿನ ಮೆಟ್ಟಿಲಿನವನಿಗೆ ಜ್ವರ ಬಂತು. ಲ್ಯೂಮೆಂಟಂ ಕೆಟ್ಟ ಕಂಪನಿ ಆಗಿರಲಿಲ್ಲ. ಮುಂದೆ ಡೇಟಾ ಸೆಂಟರ್ ಲೇಸರ್‌ಗಳಲ್ಲಿ ಅದು ಬಹಳ ಬೆಳೆಯಿತು, 2025 ರಲ್ಲಿ ತಾನು ಮಾಡುವುದಕ್ಕಿಂತ ಬೇಡಿಕೆಯೇ ಜಾಸ್ತಿ ಇದೆ ಅಂತ ಹೇಳಿತು. ಐಕ್ಯೂಇ ಕಥೆ ಬೇರೆ ದಾರಿ ಹಿಡಿಯಿತು. 2025 ರಲ್ಲಿ ಕಂಪನಿಯನ್ನೇ ಮಾರುವ ಸಾಧ್ಯತೆಯನ್ನೂ ಪರಿಶೀಲಿಸುತ್ತಿದ್ದೇವೆ ಅಂತ ಪ್ರಕಟಿಸಿತು. ಒಂದೇ ಫೋನಿನ ಒಳಗಿದ್ದ ಎರಡು ಕಂಪನಿ ಇವು.

‘ಎಂಒಯು ಆಗಿದೆ’, ‘ಸ್ಯಾಂಪಲ್ ಹೋಗಿದೆ’, ‘ಕ್ವಾಲಿಫಿಕೇಶನ್ ನಡೀತಿದೆ’, ‘ಡಿಸೈನ್ ವಿನ್’. ಇದರಲ್ಲಿ ಯಾವುದು ದೊಡ್ಡದು?

ಎಂಒಯು ಅಂದರೆ ಮಾತುಕತೆ ಮಾಡೋಣ ಅಂತ ಒಪ್ಪಿದ್ದು. ಕೊಳ್ಳುವ ಬಾಧ್ಯತೆ ಸಾಮಾನ್ಯವಾಗಿ ಇರುವುದಿಲ್ಲ. ಸ್ಯಾಂಪಲ್ ಅಂದರೆ ಕೆಲವು ಚಿಪ್ ಅಥವಾ ಬಿಲ್ಲೆ ಕಳಿಸಿದ್ದು. ಪ್ರತಿಸ್ಪರ್ಧಿಗಳೂ ಕಳಿಸಿರುತ್ತಾರೆ.

ಕ್ವಾಲಿಫಿಕೇಶನ್ ಗಟ್ಟಿ ವಿಷಯ. ಟೆಲಿಕಾಂ ಲೇಸರ್‌ಗೆ ಟೆಲ್ಕಾರ್ಡಿಯಾ ಜಿಆರ್-468 ಎಂಬ ಮಾನದಂಡ ಇದೆ. ಚಿಪ್‌ಗಳನ್ನು ಬಿಸಿಯಲ್ಲಿ ಇಟ್ಟು 2,000 ಗಂಟೆ, 5,000 ಗಂಟೆ ಉರಿಸಿ ನೋಡುತ್ತಾರೆ. 5,000 ಗಂಟೆ ಅಂದರೆ ಹತ್ತಿರ ಹತ್ತಿರ ಏಳು ತಿಂಗಳು. ಮಧ್ಯೆ ಒಂದು ಬ್ಯಾಚ್ ಕೆಟ್ಟರೆ ಸರಿಮಾಡಿ ಮತ್ತೆ ಮೊದಲಿಂದ. ಗಡಿಯಾರವನ್ನು ಯಾರೂ ಮುಂದೆ ತಳ್ಳಲು ಆಗುವುದಿಲ್ಲ. ‘ಮುಂದಿನ ತಿಂಗಳೇ ದೊಡ್ಡ ಆರ್ಡರ್’ ಅಂತ ಯಾರಾದರೂ ಹೇಳಿದರೆ, ಈ ಪರೀಕ್ಷೆ ಯಾವಾಗ ಮುಗಿಯಿತು ಅಂತ ಕೇಳಿ.

ಇದಕ್ಕೆ ಇನ್ನೊಂದು ಮುಖವೂ ಇದೆ. ಒಮ್ಮೆ ಪಾಸಾದ ಸಪ್ಲೈಯರ್‌ನನ್ನು ಗ್ರಾಹಕ ಸುಮ್ನೆ ಬಿಡುವುದಿಲ್ಲ. ಬಿಲ್ಲೆ ಬದಲಾದರೂ ಎಪಿ ಬದಲಾದರೂ ಮತ್ತೆ ಪರೀಕ್ಷೆ ಮಾಡಬೇಕಲ್ಲ. ನಿಧಾನಕ್ಕೆ ಸಿಗುವ ಕೆಲಸ, ನಿಧಾನಕ್ಕೇ ಹೋಗುತ್ತದೆ.

ಡಿಸೈನ್ ವಿನ್ ಅಂದರೆ ಗ್ರಾಹಕನ ಉತ್ಪನ್ನದ ನಕ್ಷೆಯಲ್ಲಿ ನಿಮ್ಮ ಚಿಪ್‌ಗೆ ಜಾಗ ಸಿಕ್ಕಿದೆ. ಆ ಉತ್ಪನ್ನ ಎಷ್ಟು ಮಾರುತ್ತದೆ ಅನ್ನುವುದು ಬೇರೆ ಮಾತು.

ಒಪ್ಪಂದವನ್ನು ಬಹಿರಂಗವಾಗಿ ಘೋಷಿಸಿದರೆ ನಂಬಬಹುದಾ?

ಘೋಷಣೆಯಲ್ಲೂ ತೂಕ ಬೇರೆ ಬೇರೆ. 2025 ರ ಮಾರ್ಚ್‌ನಲ್ಲಿ ಎನ್‌ವಿಡಿಯಾ ತನ್ನ ಸಿಲಿಕಾನ್ ಫೋಟಾನಿಕ್ಸ್ (ಸಿಲಿಕಾನ್ ಚಿಪ್‌ನಲ್ಲೇ ಬೆಳಕು ಸಾಗಿಸುವ ತಂತ್ರ) ಸ್ವಿಚ್‌ಗಳನ್ನು ಪ್ರಕಟಿಸುವಾಗ ಟಿಎಸ್‌ಎಂಸಿ, ಕೊಹೆರೆಂಟ್, ಲ್ಯೂಮೆಂಟಂ, ಕಾರ್ನಿಂಗ್, ಫಾಕ್ಸ್‌ಕಾನ್, ಸುಮಿಟೊಮೊ ಎಲೆಕ್ಟ್ರಿಕ್, ಫ್ಯಾಬ್ರಿನೆಟ್ ಮುಂತಾದ ಪಾಲುದಾರರ ಹೆಸರು ಹೇಳಿತು. ಹೆಸರು ಅಧಿಕೃತ. ಆದರೆ ಆ ಪಟ್ಟಿಯಲ್ಲಿ ಯಾರಿಗೆ ಎಷ್ಟು ಪಾಲು ಅಂತ ಇರಲಿಲ್ಲ.

2017 ರ ಡಿಸೆಂಬರ್‌ನಲ್ಲಿ ಆ್ಯಪಲ್ ಫಿನಿಸಾರ್ ಕಂಪನಿಗೆ 39 ಕೋಟಿ ಡಾಲರ್ ಕೊಡುವುದಾಗಿ ಪ್ರಕಟಿಸಿತು, ವಿಕ್ಸೆಲ್ ತಯಾರಿಕೆ ಹೆಚ್ಚಿಸಲು. ಇಲ್ಲಿ ಮೊತ್ತ ಇದೆ, ಜಾಗ ಇದೆ, ವಸ್ತು ಇದೆ. ಟೆಕ್ಸಸ್‌ನ ಶರ್ಮನ್‌ನಲ್ಲಿ ಕಾರ್ಖಾನೆ ಎದ್ದಿತು. 2019 ರಲ್ಲಿ ಟೂ-ಸಿಕ್ಸ್ ಎಂಬ ಕಂಪನಿ ಫಿನಿಸಾರನ್ನು ಕೊಂಡಿತು, 2022 ರಲ್ಲಿ ಅದೇ ಕಂಪನಿ ಕೊಹೆರೆಂಟನ್ನು ಕೊಂಡು ಅದರ ಹೆಸರನ್ನೇ ಇಟ್ಟುಕೊಂಡಿತು. ಮೇಲೆ ಹೇಳಿದ 6 ಇಂಚಿನ ಇಂಡಿಯಂ ಫಾಸ್ಫೈಡ್ ಈಗ ಬರುತ್ತಿರುವುದು ಆ ಶರ್ಮನ್‌ನಿಂದಲೇ. ಪಾಲುದಾರಿಕೆಯ ಮಾತು ಬಂದಾಗ ನಾನು ಕೇಳುವುದು ಇದನ್ನೇ: ಕಾರ್ಖಾನೆ ಎಲ್ಲಿದೆ, ದುಡ್ಡು ಯಾರು ಹಾಕಿದರು?

ಅಮೆರಿಕದ ಕಂಪನಿ ದಿನನಿತ್ಯದ ವ್ಯವಹಾರಕ್ಕೆ ಹೊರತಾದ ಮಹತ್ವದ ಒಪ್ಪಂದ ಮಾಡಿಕೊಂಡರೆ ನಾಲ್ಕು ಕೆಲಸದ ದಿನದೊಳಗೆ 8-ಕೆ ಎಂಬ ಫಾರಂ ಸಲ್ಲಿಸಬೇಕು. ಪತ್ರಿಕಾ ಹೇಳಿಕೆ ಓದಿದ ಮೇಲೆ ಆ ಫಾರಂ ಇದೆಯಾ ಅಂತ ನೋಡಿ. ಉಚಿತವಾಗಿ ಸಿಗುತ್ತದೆ.

ಚೀನಾದ ನಿರ್ಬಂಧದಿಂದ ಏನಾಗುತ್ತದೆ?

2023 ರ ಆಗಸ್ಟ್‌ನಿಂದ ಗ್ಯಾಲಿಯಂ ರಫ್ತಿಗೆ ಚೀನಾ ಪರವಾನಗಿ ಕಡ್ಡಾಯ ಮಾಡಿತು. ಜಗತ್ತಿನ ಕಚ್ಚಾ ಗ್ಯಾಲಿಯಂನಲ್ಲಿ 95% ಗಿಂತ ಜಾಸ್ತಿ ಅಲ್ಲಿಯದು. 2025 ರ ಫೆಬ್ರುವರಿಯಲ್ಲಿ ಇಂಡಿಯಂ ಫಾಸ್ಫೈಡ್ ಕೂಡ ಪಟ್ಟಿಗೆ ಸೇರಿತು. ಬೀಜಿಂಗ್‌ನಲ್ಲಿ ಬಿಲ್ಲೆ ಮಾಡುವ ಎಎಕ್ಸ್‌ಟಿಗೆ ಆಮೇಲೆ ಆರ್ಡರ್ ಇದ್ದರೂ ಪರ್ಮಿಟ್ ಬರುವವರೆಗೆ ಮಾಲು ಕಳಿಸಲು ಆಗುತ್ತಿರಲಿಲ್ಲ.

ಹಾಗಾಗಿ ‘ಚೀನಾದ ಹೊರಗಿನ ಸಪ್ಲೈಯರ್’ ಅನ್ನುವ ಊಹೆಗೆ ಆಧಾರ ಇದೆ. ಆದರೆ ಈ ನಿಯಮಗಳು ಎರಡು ದೇಶಗಳ ಮಾತುಕತೆಯಂತೆ ಬಿಗಿಯಾಗುತ್ತವೆ, ಸಡಿಲವಾಗುತ್ತವೆ. ಬರಿ ನಿರ್ಬಂಧವನ್ನೇ ನಂಬಿ ಕೊಂಡ ಷೇರು ಒಂದು ರಾತ್ರಿಯ ಒಪ್ಪಂದಕ್ಕೆ ಬೀಳಬಹುದು.

ಸಿಲಿಕಾನ್ ಫೋಟಾನಿಕ್ಸ್ ಬಂದರೆ ಇಂಡಿಯಂ ಫಾಸ್ಫೈಡ್ ಬೇಡವಾಗುತ್ತದಂತೆ?

ಇಲ್ಲ. ಸಿಲಿಕಾನ್ ಬೆಳಕನ್ನು ತಿರುಗಿಸುತ್ತದೆ, ಹಂಚುತ್ತದೆ, ಅದರ ಮೇಲೆ ಮಾಹಿತಿ ಬರೆಯುತ್ತದೆ. ಬೆಳಕು ಹುಟ್ಟಿಸಲು ಮತ್ತೆ ಇಂಡಿಯಂ ಫಾಸ್ಫೈಡ್ ಲೇಸರ್‌ಗೇ ಹೋಗಬೇಕು. 2016 ರಿಂದ ಇಂಟೆಲ್ ಮಾರಿದ ಸಿಲಿಕಾನ್ ಫೋಟಾನಿಕ್ಸ್ ಮಾಡ್ಯೂಲ್‌ಗಳಲ್ಲೂ ಸಿಲಿಕಾನ್ ಮೇಲೆ ಇಂಡಿಯಂ ಫಾಸ್ಫೈಡ್ ಅಂಟಿಸಿದ್ದರು.

ಬದಲಾಗುವುದು ಲೇಸರ್‌ನ ಜಾತಿ. ತಾನೇ ಬೆಳಕು ಕೊಟ್ಟು ತಾನೇ ಮಾಹಿತಿ ಬರೆಯುವ ಇಎಂಎಲ್ ಎಂಬ ದುಬಾರಿ ಚಿಪ್‌ನ ಬದಲು, ಸುಮ್ಮನೆ ಒಂದೇ ಸಮ ಉರಿಯುವ ಸರಳ ಲೇಸರ್ ಸಾಕಾಗುತ್ತದೆ. ಒಂದು ಲೇಸರ್‌ನ ಬೆಳಕನ್ನು ಹಲವು ದಾರಿಗೆ ಹಂಚಲೂಬಹುದು. ಇಎಂಎಲ್‌ನಲ್ಲಿ ಗಳಿಸುವ ಕಂಪನಿಗೆ ಇದರಿಂದ ಒಂದು ಲೆಕ್ಕ, ಸರಳ ಲೇಸರ್ ಮಾಡುವವರಿಗೆ ಇನ್ನೊಂದು ಲೆಕ್ಕ. ಪಾಲಿಮರ್, ಲಿಥಿಯಂ ನಯೋಬೇಟ್ ಅಂತ ಕೇಳುವ ಹೊಸ ವಸ್ತುಗಳು ಮಾಹಿತಿ ಬರೆಯುವ ಭಾಗಕ್ಕೆ ಸೇರಿದವು, ಲೇಸರ್‌ಗೆ ಅಲ್ಲ. ‘ಲೇಸರ್ ಮೆಟೀರಿಯಲ್ ಕಂಪನಿ’ ಅಂತ ಅವನ್ನು ಯಾರಾದರೂ ಮಾರಲು ಬಂದರೆ, ಹೇಳುವವರಿಗೇ ವಿಷಯ ಗೊತ್ತಿಲ್ಲ ಅಂತ ತಿಳಿಯಿರಿ.

ಸಣ್ಣ ಕಂಪನಿ, ಹೊಸ ತಂತ್ರಜ್ಞಾನ, ಕಡಿಮೆ ದರ. ಹತ್ತು ಪಟ್ಟು ಆಗಬಹುದಲ್ಲ?

ಆಗಬಹುದು. ಆದರೆ ಒಟ್ಟು ಷೇರುಗಳ ಸಂಖ್ಯೆ ನೋಡಿ. ಆದಾಯ ಇಲ್ಲದ ಕಂಪನಿ ಸಂಬಳ ಕೊಡಲು ಹೊಸ ಷೇರು ಮಾರುತ್ತದೆ. ಪಾರ್ಟ್ನರ್ ಗುಸುಗುಸು ಹಬ್ಬಿ ದರ ಏರಿದಾಗಲೇ ಹಾಗೆ ಮಾರಲು ಅನುಕೂಲ. ಐದು ವರ್ಷದ ಹಿಂದೆ ಎಷ್ಟು ಷೇರು ಇತ್ತು, ಈಗ ಎಷ್ಟಿದೆ? ಎರಡು ಪಟ್ಟಾಗಿದ್ದರೆ ನಿಮ್ಮ ಪಾಲು ಅರ್ಧ ಆಗಿದೆ. ಕಂಪನಿ ಗೆದ್ದರೂ ನಿಮ್ಮ ಲಾಭ ಅಷ್ಟಕ್ಕೇ.

ಭಾರತದಲ್ಲಿ ಇಂಥ ಕಂಪನಿ ಇಲ್ವಾ?

ವಿದ್ಯೆ ಇದೆ. ಡಿಆರ್‌ಡಿಒ ಅಡಿಯಲ್ಲಿ ದೆಹಲಿಯ ಸಾಲಿಡ್ ಸ್ಟೇಟ್ ಫಿಸಿಕ್ಸ್ ಲ್ಯಾಬೊರೇಟರಿ, ಹೈದರಾಬಾದಿನ ಗ್ಯಾಲಿಯಂ ಆರ್ಸೆನೈಡ್ ಕೇಂದ್ರ ಗೇಟೆಕ್. ನಮ್ಮ ಐಐಎಸ್‌ಸಿಯಲ್ಲಿ ಗ್ಯಾಲಿಯಂ ನೈಟ್ರೈಡ್ ಮೇಲೆ ಒಳ್ಳೆಯ ಕೆಲಸ ನಡೆದಿದೆ. 2021 ರ ಡಿಸೆಂಬರ್‌ನಲ್ಲಿ ಕೇಂದ್ರ ಒಪ್ಪಿದ 76,000 ಕೋಟಿ ರೂಪಾಯಿ ಯೋಜನೆಯಲ್ಲಿ ಕಾಂಪೌಂಡ್ ಸೆಮಿಕಂಡಕ್ಟರ್ (ಗ್ಯಾಲಿಯಂ ಆರ್ಸೆನೈಡ್ ತರಹದ ಹರಳು), ಸಿಲಿಕಾನ್ ಫೋಟಾನಿಕ್ಸ್ ಎರಡಕ್ಕೂ ಜಾಗ ಇದೆ. ಇವುಗಳಲ್ಲಿ ಯಾವುದೂ ನಾವು ಕೊಳ್ಳಬಹುದಾದ ಷೇರು ಅಲ್ಲ.

ಇಲ್ಲಿನ ಪೇಟೆಯಲ್ಲಿ ಹೆಸರಿಗೆ ‘ಸೆಮಿಕಂಡಕ್ಟರ್’ ಸೇರಿಸಿಕೊಂಡು ಮೇಲಿಂದ ಮೇಲೆ ಅಪ್ಪರ್ ಸರ್ಕ್ಯೂಟ್ (ಒಂದು ದಿನದಲ್ಲಿ ದರ ಏರಬಹುದಾದ ಮಿತಿ) ಹೊಡೆಯುವ ಸಣ್ಣ ಷೇರುಗಳ ಹತ್ತಿರ ಹೋಗಬೇಡಿ. ಗುಸುಗುಸು ವಿಷಯದಲ್ಲಿ ಸೆಬಿ ಒಳ್ಳೆಯ ನಿಯಮ ತಂದಿದೆ. ಮುಖ್ಯ ಮಾಧ್ಯಮಗಳಲ್ಲಿ ಬಂದ ಸುದ್ದಿಯಿಂದ ದರ ಗಣನೀಯವಾಗಿ ಅಲುಗಾಡಿದರೆ ಕಂಪನಿ 24 ಗಂಟೆಯೊಳಗೆ ಹೌದು, ಅಲ್ಲ ಅಥವಾ ವಿವರಣೆ ಕೊಡಬೇಕು. 2024 ರ ಜೂನ್‌ನಿಂದ ಅತಿ ದೊಡ್ಡ 100 ಕಂಪನಿಗಳಿಗೆ, ಡಿಸೆಂಬರ್‌ನಿಂದ 250 ಕ್ಕೆ ಅನ್ವಯ. ಸಣ್ಣ ಕಂಪನಿಗಳು ಇದರ ಹೊರಗೆ. ಗುಸುಗುಸು ಜಾಸ್ತಿ ಇರುವುದೂ ಅಲ್ಲೇ.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಅಂಥದೇ ಕಂಪನಿಯಲ್ಲಿದ್ದಾನೆ. ಅವನನ್ನು ಕೇಳಿದರೆ ಗೊತ್ತಾಗುತ್ತದಲ್ಲ?

ದಯವಿಟ್ಟು ಕೇಳಬೇಡಿ. ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ. ಪ್ರಕಟವಾಗದ ಒಪ್ಪಂದದ ವಿಷಯ ಅವನು ಹೇಳಿ, ನೀವು ಅದರ ಮೇಲೆ ಷೇರು ಕೊಂಡರೆ ಅದು ಇನ್‌ಸೈಡರ್ ಟ್ರೇಡಿಂಗ್. ಅಮೆರಿಕದ ಷೇರಾದರೆ ಅಲ್ಲಿಯ ಕಾನೂನು, ಇಲ್ಲಿಯದಾದರೆ ಸೆಬಿಯ 2015 ರ ನಿಯಮ. ಹೇಳಿದವನೂ ಸಿಕ್ಕಿಬೀಳುತ್ತಾನೆ, ಕೇಳಿದವರೂ ಸಿಕ್ಕಿಬೀಳುತ್ತಾರೆ. ಹುಡುಗನ ಕೆಲಸ ಹೋಗುತ್ತದೆ, ಮುಂದೆ ಆ ಕ್ಷೇತ್ರದಲ್ಲಿ ಯಾರೂ ಸೇರಿಸಿಕೊಳ್ಳುವುದಿಲ್ಲ. ಹಬ್ಬಕ್ಕೆ ಮನೆಗೆ ಬಂದಾಗ ವೇಫರ್ ಅಂದರೆ ಏನು, ಎಪಿ ಹೇಗೆ ಬೆಳೆಸುತ್ತಾರೆ ಅಂತ ಕೇಳಿ. ಖುಷಿಯಿಂದ ಹೇಳುತ್ತಾನೆ, ಅದರಿಂದ ನಿಮಗೆ ಉಪಯೋಗವೂ ಜಾಸ್ತಿ.

ಟೆಲಿಗ್ರಾಂ ಗುಂಪಿನಲ್ಲಿ ‘ಮುಂದಿನ ವಾರ ಘೋಷಣೆ’ ಅಂತ ಹಾಕುತ್ತಾರೆ.

ಹಾಕುವವರು ಮೊದಲೇ ಕೊಂಡಿರುತ್ತಾರೆ. ಗುಂಪು ಬಿಡಿ. ದುಡ್ಡು ತೆಗೆದುಕೊಂಡು ಸಲಹೆ ಕೊಡುವವರಿಗೆ ಸೆಬಿ ನೋಂದಣಿ ಸಂಖ್ಯೆ ಇರಲೇಬೇಕು. ನೋಂದಾಯಿತರ ಮೇಲೆ ದೂರು ಕೊಡಲು ಸ್ಕೋರ್ಸ್ ಎಂಬ ಸೆಬಿಯ ವ್ಯವಸ್ಥೆ ಇದೆ.

ಎಷ್ಟು ದುಡ್ಡು ಹಾಕಬಹುದು?

ನಿಮ್ಮ ತೋಟದ ಲೆಕ್ಕ ನಿಮಗೇ ಗೊತ್ತು. ನಾನು ಹೇಳುವುದು ಇಷ್ಟು: ಕೊಳೆ ಮದ್ದು ಹೊಡೆಸುವ ದುಡ್ಡು, ಕೊನೆ ಕೊಯ್ಲಿನ ಕೂಲಿಯ ದುಡ್ಡು, ಸೊಸೈಟಿ ಸಾಲದ ಕಂತು, ಇವು ಈ ಕಡೆ ತಲೆ ಹಾಕಬಾರದು. ಈ ಉದ್ಯಮದಲ್ಲಿ ಒಂದು ಸುದ್ದಿ ಆದಾಯವಾಗಲು ಎರಡು ಮೂರು ವರ್ಷ ಬೇಕು. ಜೂನ್‌ನಲ್ಲಿ ಬೇಕಾಗುವ ದುಡ್ಡನ್ನು ಮಾರ್ಚ್‌ನಲ್ಲಿ ಇಲ್ಲಿ ಹಾಕಿದರೆ ಬಿದ್ದ ದರಕ್ಕೆ ಮಾರಬೇಕಾಗುತ್ತದೆ.

ವಿದೇಶಕ್ಕೆ ದುಡ್ಡು ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆ ಪ್ರಕಾರ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳಿಸಬಹುದು. ಸಾಲದ ಮಾರ್ಜಿನ್ ವ್ಯವಹಾರಕ್ಕೆ ಕಳಿಸುವಂತಿಲ್ಲ. ಹೂಡಿಕೆಗೆ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಬ್ಯಾಂಕು 20% ಟಿಸಿಎಸ್ (ಮೊದಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತದೆ. ರಿಟರ್ನ್ ಸಲ್ಲಿಸುವಾಗ ಅದನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು.

ಅಡಿಕೆ ಆದಾಯಕ್ಕೆ ತೆರಿಗೆ ಇಲ್ಲ. ಆ ದುಡ್ಡಿನಿಂದ ಕೊಂಡ ಷೇರಿಗೂ ಇಲ್ಲ ಅಲ್ವಾ?

ಇದೆ. ದುಡ್ಡು ತೋಟದಿಂದ ಬಂದಿದ್ದರೂ ಲಾಭ ಷೇರಿನದು. ವಿದೇಶಿ ಷೇರನ್ನು 24 ತಿಂಗಳಿಗಿಂತ ಜಾಸ್ತಿ ಇಟ್ಟು ಮಾರಿದರೆ ಲಾಭಕ್ಕೆ 12.5%, ಅದಕ್ಕೂ ಮೊದಲು ಮಾರಿದರೆ ನಿಮ್ಮ ಸ್ಲ್ಯಾಬ್ ದರ. ಡಿವಿಡೆಂಡ್ ಬಂದರೆ ಅಮೆರಿಕದವರು 25% ಹಿಡಿದೇ ಕೊಡುತ್ತಾರೆ. ಅದಕ್ಕೆ ಇಲ್ಲಿ ಕ್ರೆಡಿಟ್ ಕೇಳಬಹುದು.

ನಮ್ಮ ಕಡೆ ಬಹಳ ಜನ ಬಿಟ್ಟುಬಿಡುವುದು ರಿಟರ್ನ್‌ನಲ್ಲಿರುವ ವಿದೇಶಿ ಆಸ್ತಿಯ ಪಟ್ಟಿ, ಶೆಡ್ಯೂಲ್ ಎಫ್‌ಎ. ಒಂದೇ ಷೇರು ಇದ್ದರೂ, ಲಾಭ ಆಗದಿದ್ದರೂ ಅಲ್ಲಿ ಬರೆಯಬೇಕು. ಅದು ಜನವರಿಯಿಂದ ಡಿಸೆಂಬರ್ ಲೆಕ್ಕ, ಏಪ್ರಿಲ್‌ನಿಂದ ಮಾರ್ಚ್ ಅಲ್ಲ. ಬಿಟ್ಟರೆ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಸ್ಥಿರಾಸ್ತಿ ಬಿಟ್ಟು ಉಳಿದ ವಿದೇಶಿ ಆಸ್ತಿ ಒಟ್ಟು 20 ಲಕ್ಷದೊಳಗೆ ಇದ್ದರೆ ಆ ದಂಡದಿಂದ 2024 ರ ಅಕ್ಟೋಬರ್‌ನಿಂದ ವಿನಾಯಿತಿ ಇದೆ. ಆದರೂ ಬರೆಯಿರಿ.

ವಯಸ್ಸಾದವರ ಹೆಸರಿನಲ್ಲಿ ಅಮೆರಿಕದ ಷೇರು ಇದ್ದರೆ ಏನಾದರೂ ತೊಂದರೆ ಇದೆಯಾ?

ಇದನ್ನು ಆ್ಯಪ್‌ನವರು ದೊಡ್ಡ ಅಕ್ಷರದಲ್ಲಿ ಹೇಳುವುದಿಲ್ಲ. ಅಮೆರಿಕದ ನಿವಾಸಿ ಅಲ್ಲದವರು ತೀರಿಕೊಂಡಾಗ ಅವರ ಹೆಸರಿನಲ್ಲಿ 60,000 ಡಾಲರ್‌ಗಿಂತ ಜಾಸ್ತಿ ಅಲ್ಲಿಯ ಆಸ್ತಿ ಇದ್ದರೆ ಅಮೆರಿಕದ ಎಸ್ಟೇಟ್ ತೆರಿಗೆ ಬರುತ್ತದೆ. ಅಮೆರಿಕದ ಕಂಪನಿಯ ಷೇರು ಅಲ್ಲಿಯ ಆಸ್ತಿಯೇ. ತೆರಿಗೆ ದರ 40% ವರೆಗೆ ಹೋಗುತ್ತದೆ. ಭಾರತ ಮತ್ತು ಅಮೆರಿಕದ ನಡುವೆ ಇದಕ್ಕೆ ಒಪ್ಪಂದ ಇಲ್ಲ. ಅಪ್ಪನ ಹೆಸರಿನಲ್ಲಿ ಎಲ್ಲ ಇಡುವ ನಮ್ಮ ಮನೆಗಳಲ್ಲಿ ಇದು ದೊಡ್ಡ ವಿಷಯ. ಮೊತ್ತ ಆ ಮಿತಿಯ ಹತ್ತಿರ ಹೋಗುತ್ತಿದ್ದರೆ ಈ ವಿಷಯ ತಿಳಿದ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಈಗಲೇ ಮಾತಾಡಿ. ಯಾವ ಬ್ರೋಕರ್, ಯಾವ ಇಮೇಲ್, ಯಾವ ಷೇರು ಎಷ್ಟಿದೆ ಅಂತ ಒಂದು ಹಾಳೆಯಲ್ಲಿ ಬರೆದು, ಪಹಣಿ ಮತ್ತು ಸೊಸೈಟಿ ಪಾಸ್‌ಬುಕ್ ಇಡುವ ಕಪಾಟಿನಲ್ಲೇ ಇಡಿ. ಮನೆಯಲ್ಲಿ ಇನ್ನೊಬ್ಬರಿಗಾದರೂ ಅದು ಗೊತ್ತಿರಲಿ.